ಒಂದೇ ಕೆಲಸಕ್ಕೆ ಹೆಂಗಸರಿಗೆ ಪಗಾರ ಯಾಕೆ ಕಡಿಮೆ?

ಕಾನೂನು ಇದ್ದರೂ ನಮ್ಮ ಹುಬ್ಬಳ್ಳಿ-ಹಾವೇರಿ ಕಡೆ ಕೆಲಸದಲ್ಲಿ ಹೆಂಗಸರಿಗೆ ತಾರತಮ್ಯ ಯಾಕೆ ಅಂತ ಕೇಳಿದ್ದೀರಿ. ಜನರ ಮನಸ್ಸು ಬದಲಾಗಬೇಕು ಅನ್ನೋದು ಎಲ್ಲರ ಉತ್ತರ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಯಾರಿಗೆ ಯಾವ ಕೆಲಸ ಹಂಚಿದ್ದಾರೆ, ಅದನ್ನು ಹೇಗೆ ಅಳೆಯುತ್ತಾರೆ ಅನ್ನೋದನ್ನ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ತಗೊಳ್ಳಿ. ಚೀಲ ಹೊರುವ ಹಮಾಲರು ಗಂಡಸರು. ಅವರಿಗೆ ಎಪಿಎಂಸಿ ಲೈಸೆನ್ಸ್ ಇದೆ, ಚೀಲಕ್ಕೆ ಇಷ್ಟು ಅಂತ ಗೊತ್ತಾದ ದರ ಇದೆ, ಏರಿಸಿ ಅಂತ ಕೇಳೋಕೆ ಸಂಘವೂ ಇದೆ. ಮೆಣಸಿನಕಾಯಿ ತೊಟ್ಟು ಬಿಡಿಸೋರು ಬಹುತೇಕ ಹೆಂಗಸರು. ಅವರಿಗೆ ಕಿಲೋ ಲೆಕ್ಕ. ಖಾರದ ಪುಡಿಯವರು, ಕಾಯಿಯಿಂದ ಬಣ್ಣದ ಸಾರ (ಓಲಿಯೋರೆಸಿನ್) ತೆಗೆಯೋ ಕಾರ್ಖಾನೆಯವರು ತೊಟ್ಟು ಬಿಡಿಸಿದ ಕಾಯಿಯನ್ನೇ ಕೇಳುತ್ತಾರೆ, ಅಂದರೆ ಮಾಲಿಗೆ ಬೆಲೆ ಬರೋದೇ ಇವರ ಬೆರಳಿಂದ. ಆದರೂ ಸಣ್ಣ ಕಾಯಿ ಬಂದ ದಿನ ಒಂದು ಕಿಲೋ ಆಗೋಕೆ ಎಷ್ಟೋ ಹೆಚ್ಚು ತೊಟ್ಟು ಮುರಿಯಬೇಕು, ದುಡ್ಡು ಮಾತ್ರ ಅಷ್ಟೇ. ಕೈ ಉರಿ, ಘಾಟಿನ ಕೆಮ್ಮು ಯಾರ ಲೆಕ್ಕಕ್ಕೂ ಬರೋದಿಲ್ಲ. "ಕೂತು ಮಾಡೋ ಹಗುರ ಕೆಲಸ" ಅಂದುಬಿಟ್ಟರೆ ಮುಗೀತು. ಹೊಲದಲ್ಲೂ ಹೆಣ್ಣಾಳಿನ ಕೂಲಿ ಬೇರೆ, ಗಂಡಾಳಿನದು ಬೇರೆ.

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಅಡ್ಡಿ ಬೇರೆ ರೀತಿಯದು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಹೆರಿಗೆಗೆ ಪಗಾರಿ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಒಳ್ಳೇದೇ. ಆದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲದಿದ್ದರೆ ಆ ದುಡ್ಡು ಪೂರ್ತಿ ಮಾಲೀಕನ ಕಿಸೆಯಿಂದ. ಅದಕ್ಕೇ ಸಂದರ್ಶನದಲ್ಲೇ "ಮದುವೆ ಯಾವಾಗ?" ಅನ್ನೋ ಪ್ರಶ್ನೆ. ಹತ್ತು ಅಥವಾ ಹೆಚ್ಚು ಜನರಿದ್ದು, ತಿಂಗಳ ಪಗಾರ 21,000 ರೂ. ಒಳಗಿದ್ದರೆ ಇಎಸ್‌ಐ ಅನ್ವಯಿಸುತ್ತದೆ. ಆಗ ಹೆರಿಗೆ ಭತ್ಯೆ ಕೊಡೋದು ಇಎಸ್‌ಐ. ಮಾಲೀಕರಿಗೆ ಮೊದಲು ತಿಳಿಸಬೇಕಾದ್ದು ಇದು.

ಇನ್ನು ದೂರಿನ ಮಾತು. 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ತಂದ 2019ರ ವೇತನ ಸಂಹಿತೆ ಹೋಲಿಸೋದು ಹುದ್ದೆಯ ಹೆಸರನ್ನಲ್ಲ. ಕೌಶಲ, ಶ್ರಮ, ಅನುಭವ, ಹೊಣೆ ಒಂದೇ ಇದೆಯಾ ಅಂತ. ಜೊತೆಗೆ ಕೆಲಸ ಮಾಡೋ ಗಂಡಸು "ಸೂಪರ್‌ವೈಸರ್", ನೀವು "ಸಹಾಯಕಿ" ಅಂತ ಬರೆದಿದ್ದರೆ, ಇಬ್ಬರೂ ದಿನವಿಡೀ ಏನೇನು ಮಾಡುತ್ತೀರಿ ಅಂತ ಸಾಲುಸಾಲಾಗಿ ಬರೆದಿಡಿ. ಪಗಾರ ಚೀಟಿ, ಹಾಜರಿಯ ಫೋಟೋ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟು ಕಾರ್ಮಿಕ ಇಲಾಖೆಗೆ ಬರಹದಲ್ಲೇ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಅಲ್ಲೇ ಬಿದ್ದಿರುತ್ತದೆ. ಕಿಲೋ ಲೆಕ್ಕದ ಕೆಲಸವಾದರೆ ಚೀಟಿ ಸಿಗೋದು ಕಷ್ಟ. ತಾರೀಖು, ತೂಕ, ಕೈಗೆ ಬಂದ ಹಣ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಕೂತವರ ಸಹಿಯನ್ನೂ ಆವತ್ತೇ ಹಾಕಿಸಿಡಿ.