ಪೀಪಾಯಿ ಕಸುಬಿನ ಜಾನ್ ಆಲ್ಡೆನ್: ಕಥೆ ಎಷ್ಟು, ದಾಖಲೆ ಎಷ್ಟು?

ಪ್ರಶ್ನೆ: 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಜಾನ್ ಆಲ್ಡೆನ್ ಧರ್ಮದ ಕಾರಣಕ್ಕೆ ದೇಶ ಬಿಟ್ಟವನೆಂದು ಕೆಲವೆಡೆ, ಕೆಲಸಕ್ಕೆಂದು ಹೋದ ಕುಶಲಕರ್ಮಿಯೆಂದು ಇನ್ನು ಕೆಲವೆಡೆ ಓದಿದ್ದೇನೆ. ವಂಶವೃಕ್ಷಗಳಲ್ಲಿ ಅವನ ತಂದೆತಾಯಿಯ ಹೆಸರುಗಳೂ ಒಂದೊಂದು ಕಡೆ ಒಂದೊಂದು ಬಗೆಯಾಗಿವೆ. ಯಾವುದನ್ನು ನಂಬಬೇಕು? ಅವನ ಪ್ರೇಮಕಥೆ ನಿಜವೇ?

ಉತ್ತರ: ಆಲ್ಡೆನ್ ಹಡಗು ಹತ್ತಿದ್ದು ಕಸುಬಿನ ಕಾರಣಕ್ಕೆ. ಸೌತಾಂಪ್ಟನ್ ಬಂದರಿನಲ್ಲಿ ಹಡಗಿಗೆ ದಿನಸಿ ತುಂಬಿಸುವಾಗ ಪೀಪಾಯಿ ಮಾಡುವ ಕೆಲಸಕ್ಕೆ ಅವನನ್ನು ಗೊತ್ತುಮಾಡಿಕೊಂಡರೆಂದೂ, ಭರವಸೆಯ ತರುಣನಾದ್ದರಿಂದ ಎಲ್ಲರಿಗೂ ಬೇಕಾದವನಾಗಿದ್ದನೆಂದೂ, ಆದರೂ ಉಳಿಯುವುದನ್ನು ಅಥವಾ ಮರಳುವುದನ್ನು ಅವನ ಇಷ್ಟಕ್ಕೇ ಬಿಟ್ಟಿದ್ದರೆಂದೂ ಆ ಹಡಗಿನವರು ಅಮೆರಿಕದಲ್ಲಿ ನೆಲೆಮಾಡಿಕೊಂಡ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ಬರೆದಿಟ್ಟಿದ್ದಾನೆ. ಆಗ ಆಲ್ಡೆನ್‌ಗೆ ಸುಮಾರು 21 ವರ್ಷ.

ಈ ಕಸುಬನ್ನು ಕೇವಲ ಮರಗೆಲಸವೆಂದು ತಿಳಿಯಬಾರದು. ಬಿಯರ್, ನೀರು, ಉಪ್ಪು ಹಾಕಿದ ಮಾಂಸ, ಹಿಟ್ಟು ಎಲ್ಲವೂ ಪೀಪಾಯಿಯಲ್ಲೇ ಸಾಗುತ್ತಿದ್ದ ಕಾಲವದು. ಒಂದು ಸೋರಿದರೂ ನಡುಗಡಲಲ್ಲಿ ಕುಡಿಯುವುದಕ್ಕೆ ಕೊರತೆಯಾಗುತ್ತಿತ್ತು. ಓಕ್ ಹಲಗೆಗಳ ಅಂಚನ್ನು ಓರೆಯಾಗಿ ಕೆತ್ತಿ, ಬೆಂಕಿಯ ಕಾವಿನಲ್ಲಿ ಬಾಗಿಸಿ, ಸುತ್ತ ಬಳೆಗಳನ್ನು ಬಿಗಿದು, ಅಂಟಿಲ್ಲದೆ, ಮರ ನೆನೆದು ಉಬ್ಬುವ ಗುಣವೊಂದನ್ನೇ ನಂಬಿ ಸಂದುಗಳನ್ನು ಮುಚ್ಚುವ ಈ ವಿದ್ಯೆ ವರ್ಷಗಳ ಅಭ್ಯಾಸವಿಲ್ಲದೆ ಕೈಗೆ ಹತ್ತುವಂಥದ್ದಲ್ಲ. 1621ರಲ್ಲಿ ಫಾರ್ಚೂನ್ ಹಡಗು ಪ್ಲಿಮತ್‌ನಿಂದ ಹಿಂದಿರುಗುವಾಗ ಅದರಲ್ಲಿ ತುಂಬಿದ್ದ ಸರಕಿನ ಬಹುಪಾಲು ಸೀಳಿದ ಹಲಗೆಯೇ. ಅಂಥ ಹಲಗೆ ಇಂಗ್ಲೆಂಡಿನಲ್ಲಿ ಪೀಪಾಯಿಗೂ ಬಳಕೆಯಾಗುತ್ತಿತ್ತು.

ಇನ್ನು ತಂದೆತಾಯಿಯ ವಿಷಯ. ಹಡಗಿನ ನಾಯಕ ಕ್ರಿಸ್ಟೋಫರ್ ಜೋನ್ಸ್‌ನ ಊರಾದ ಹಾರ್ವಿಚ್‌ನ ಆಲ್ಡೆನ್ ಮನೆತನಕ್ಕೆ ಇವನು ಸೇರಿದವನೆಂಬ ಊಹೆಯುಂಟು. ಊಹೆ ಒಪ್ಪುವಂತಿದ್ದರೂ ಅದನ್ನು ಸಾಬೀತುಪಡಿಸುವ ದಾಖಲೆ ಸಿಕ್ಕಿಲ್ಲ. ಹೆತ್ತವರ ಹೆಸರನ್ನು ಖಚಿತವೆಂಬಂತೆ ಬರೆದಿರುವ ವಂಶವೃಕ್ಷವನ್ನು ದಯವಿಟ್ಟು ನಕಲು ಮಾಡಿಕೊಳ್ಳಬೇಡಿ. ಹೀಗೆ ನಕಲಿನಿಂದ ನಕಲಿಗೆ ಹರಿದ ತಪ್ಪುಗಳು ಒಂದು ಮನೆತನದ ಚರಿತ್ರೆಯನ್ನೇ ಕೆಡಿಸುತ್ತವೆ.

ಪತ್ನಿ ಪ್ರಿಸಿಲ್ಲಾ ಮಲ್ಲಿನ್ಸ್ ವಿಚಾರದಲ್ಲಿ ನೆಲ ಗಟ್ಟಿಯಾಗಿದೆ. ಡಾರ್ಕಿಂಗ್ ಊರಿನ ಅವಳ ತಂದೆ ವಿಲಿಯಂ 1621ರ ಫೆಬ್ರುವರಿಯಲ್ಲಿ ಮರಣಶಯ್ಯೆಯಿಂದ ಹೇಳಿ ಬರೆಸಿದ ಉಯಿಲು ಉಳಿದುಬಂದಿದ್ದು, ಅದರಲ್ಲಿ 21 ಡಜನ್ ಪಾದರಕ್ಷೆಗಳ ಮತ್ತು 13 ಜೊತೆ ಬೂಟುಗಳ ಉಲ್ಲೇಖವಿದೆ. ಮೊದಲ ಚಳಿಗಾಲದಲ್ಲಿ ಹಡಗಿನಲ್ಲಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಆ ಮನೆಯಲ್ಲಿ ತಂದೆ, ತಾಯಿ, ತಮ್ಮ ಮತ್ತು ಆಳು ಎಲ್ಲರೂ ಹೋಗಿ ಪ್ರಿಸಿಲ್ಲಾ ಒಬ್ಬಳೇ ಉಳಿದಳು. 1627ರಲ್ಲಿ ದನಕರುಗಳನ್ನು ಹಂಚಿದ ಪಟ್ಟಿಯಲ್ಲಿ ಜಾನ್, ಪ್ರಿಸಿಲ್ಲಾ ಮತ್ತು ಮಕ್ಕಳಾದ ಎಲಿಜಬೆತ್, ಜಾನ್ ಒಟ್ಟಿಗೆ ಕಾಣಿಸುತ್ತಾರೆ. ಸೇನಾನಿ ಮೈಲ್ಸ್ ಸ್ಟ್ಯಾಂಡಿಶ್‌ನ ಪರವಾಗಿ ಹೆಣ್ಣು ಕೇಳಲು ಹೋದ ಆಲ್ಡೆನ್‌ನನ್ನೇ ಅವಳು ವರಿಸಿದಳೆಂಬ ಕಥೆ ಮನೆತನದ ಬಾಯಿಮಾತಿನಿಂದ ಬಂದದ್ದು. ಅಚ್ಚಾದದ್ದು 1814ರಲ್ಲಿ, ಮನೆಮಾತಾದದ್ದು ಇದೇ ವಂಶದವನಾದ ಕವಿ ಲಾಂಗ್‌ಫೆಲೋನ 1858ರ ಕಾವ್ಯದಿಂದ. ಸಮಕಾಲೀನ ದಾಖಲೆಗಳಲ್ಲಿ ಅದರ ಸುಳಿವಿಲ್ಲ.

ಮುಂದೆ ವಸಾಹತಿನ ಸಾಲದ ಹೊಣೆ ಹೊತ್ತ ಪ್ರಮುಖರಲ್ಲಿ ಆಲ್ಡೆನ್ ಕೂಡ ಒಬ್ಬನಾದನು; ಡಕ್ಸ್‌ಬರಿಯಲ್ಲಿ ಹೊಲಮನೆ ಮಾಡಿಕೊಂಡು, ಹಲವು ವರ್ಷ ಗವರ್ನರನ ಸಹಾಯಕ ಮಂಡಳಿಯಲ್ಲಿದ್ದನು. 1687ರಲ್ಲಿ, 90ರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡಾಗ ವಸಾಹತಿನ ಆಡಳಿತಕ್ಕೆಂದು ಹಡಗಿನಲ್ಲೇ ಮಾಡಿಕೊಂಡ ಮೇಫ್ಲವರ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವನೇ ಕೊನೆಯವನು. ಅಧಿಕಾರದಲ್ಲಿ ಅಷ್ಟು ಕಾಲ ಕಳೆದವನ ಆಸ್ತಿಪಟ್ಟಿಯಲ್ಲಿ ಗರಗಸ, ಉಳಿಗಳ ಜೊತೆಗೆ ಪೀಪಾಯಿ ಮಾಡುವ ಹತಾರಗಳೂ ಇದ್ದುದು ನನ್ನ ಮಟ್ಟಿಗೆ ಯಾವ ಪ್ರೇಮಕಥೆಗಿಂತಲೂ ಬೆಲೆಯುಳ್ಳ ಸಾಕ್ಷ್ಯ.

ಮಕ್ಕಳು 11 ಎಂದು ಬ್ರಾಡ್‌ಫೋರ್ಡ್ ಹೇಳುತ್ತಾನೆ. ಹೆಸರು ಸಮೇತ ಗುರುತಿಸಲಾಗಿರುವುದು 10 ಮಂದಿಯನ್ನು. ಹಿರಿಮಗ ಜಾನ್ ಬಾಸ್ಟನ್ನಿನ ಹಡಗಿನ ಕ್ಯಾಪ್ಟನ್. 1692ರ ಸೇಲಂ ವಾಮಾಚಾರ ವಿಚಾರಣೆಯಲ್ಲಿ ಆರೋಪಿಯಾಗಿ ಸೆರೆಯಾದನು, ತಪ್ಪಿಸಿಕೊಂಡು, ಮರುವರ್ಷ ಆರೋಪಮುಕ್ತನಾದನು. ಮಗಳು ರೂತ್ ಜಾನ್ ಬಾಸ್‌ನನ್ನು ಮದುವೆಯಾದಳು. ಅವರ ಮಗಳು ಹ್ಯಾನಾಳ ಮೊಮ್ಮಗನೇ ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್.