ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗಳ ನಡುವೆ ತಂತಿಯಿಲ್ಲದ ಕೊಂಡಿ: ಏನೇನಿರಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸೋದರಮಾವ ವಿದೇಶದಿಂದ ತಂದುಕೊಟ್ಟ ಎರಡು ಟಿಐ-83 ಪ್ಲಸ್ ಕ್ಯಾಲ್ಕುಲೇಟರ್‌ಗಳು ನಮ್ಮಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಪ್ರೋಗ್ರಾಂ ಕಳಿಸುವ ಅವುಗಳ ಕೇಬಲ್ಲಿನ ಬದಲು ರೇಡಿಯೊ ಕೊಂಡಿಯನ್ನು ಪ್ರಾಜೆಕ್ಟಾಗಿ ಮಾಡಬೇಕೆಂದಿದ್ದೇವೆ. ವಿದ್ಯಾನಗರದ ನಮ್ಮ ಮನೆಯಿಂದ ಪಿ.ಜೆ. ಬಡಾವಣೆಯ ಗೆಳತಿಯ ಮನೆಯವರೆಗೂ ತಲುಪಬೇಕೆಂಬ ಆಸೆಯಿದೆ. ಇದರಲ್ಲಿ ಯಾವ ಸೌಲಭ್ಯಗಳಿರಬೇಕು?

ಉತ್ತರ: ಮನೆಯಿಂದ ಮನೆಗೆ ತಲುಪಿಸುವ ಆಸೆಯನ್ನು ಮೊದಲು ಬದಿಗಿಡಿ. ಈ ಕೊಂಡಿ ಪಕ್ಕದ ಮೇಜಿಗೆ ತಲುಪಿದರೆ ಸಾಕು. ಕಳಿಸಿದ ಪ್ರೋಗ್ರಾಂ ಒಂದು ಬೈಟೂ ಕೆಡದೆ ಇಡಿಯಾಗಿ ಸೇರಬೇಕು, ಸೇರದಿದ್ದರೆ ಸೇರಲಿಲ್ಲವೆಂದು ಕಳಿಸಿದವರಿಗೆ ತಿಳಿಯಬೇಕು. ಮಿಕ್ಕ ಸೌಲಭ್ಯಗಳೆಲ್ಲ ಇದಾದ ಮೇಲೆ.

ಇದೇಕೆ ಸುಲಭವಲ್ಲ ಎಂಬುದು ಈಗಿನ ಕೇಬಲ್ಲನ್ನು ಗಮನಿಸಿದರೆ ತಿಳಿಯುತ್ತದೆ. ಅದರ 2.5 ಮಿ.ಮೀ. ಪ್ಲಗ್ಗಿನಲ್ಲಿ ದತ್ತಾಂಶಕ್ಕೆ ಎರಡು ತಂತಿ, ಒಂದು ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ), ಇಷ್ಟೇ ಇರುವುದು. ಸುಮ್ಮನಿರುವಾಗ ಎರಡೂ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ. ಕಳಿಸುವ ಕ್ಯಾಲ್ಕುಲೇಟರ್ '0' ಎಂಬ ಬಿಟ್ ಕಳಿಸಲು ಒಂದು ತಂತಿಯನ್ನೂ '1' ಎಂಬ ಬಿಟ್ ಕಳಿಸಲು ಇನ್ನೊಂದನ್ನೂ ಗ್ರೌಂಡಿಗೆ ಎಳೆಯುತ್ತದೆ. ಪಡೆಯುವುದು ಉಳಿದ ತಂತಿಯನ್ನು ಎಳೆದು 'ಸಿಕ್ಕಿತು' ಎಂದು ತಿಳಿಸುತ್ತದೆ. ಹೀಗೆ ಬಿಟ್ಟಿಗೊಂದು ಉತ್ತರ. ಇದನ್ನೇ ರೇಡಿಯೊದಲ್ಲಿ ಮಾಡಹೊರಟರೆ ಪ್ರತಿ ಬಿಟ್ಟಿಗೂ ಸಂಕೇತ ಹೋಗಿ ಬರಬೇಕಾಗಿ ಕೆಲಸ ಆಮೆನಡಿಗೆಯಾಗುತ್ತದೆ, ತಡ ಮಿತಿಮೀರಿದರೆ ಕ್ಯಾಲ್ಕುಲೇಟರ್ ದೋಷ ತೋರಿಸಿ ನಿಲ್ಲುತ್ತದೆ.

ಆದ್ದರಿಂದ ನಿಮ್ಮ ಅಡಾಪ್ಟರ್ (ಪ್ರತಿ ಕ್ಯಾಲ್ಕುಲೇಟರಿಗೆ ನೀವು ಜೋಡಿಸುವ ರೇಡಿಯೊ ಪೆಟ್ಟಿಗೆ) ಬಿಟ್ಟುಗಳಿಗೆ ತಾನೇ ಉತ್ತರಿಸುತ್ತ, ಬೈಟುಗಳನ್ನು ಕೂಡಿಹಾಕಿ, ಕಂತುಗಳಲ್ಲಿ ರೇಡಿಯೊಕ್ಕೆ ಒಪ್ಪಿಸಬೇಕು. ಆದರೆ ಒಂದು ಪ್ಯಾಕೆಟ್ (ಕ್ಯಾಲ್ಕುಲೇಟರ್ ಒಟ್ಟಾಗಿ ಕಳಿಸುವ ಬೈಟುಗಳ ಕಟ್ಟು) ಪೂರ್ತಿಯಾದಾಗ ಕೊಡುವ ಸ್ವೀಕೃತಿಯನ್ನು ಮಾತ್ರ ಅಡಾಪ್ಟರ್ ತಾನಾಗಿ ಕೊಡಬಾರದು. ಅದು ಆಚೆಯ ಕ್ಯಾಲ್ಕುಲೇಟರಿನಿಂದಲೇ ಬರಬೇಕು. ಇಲ್ಲವಾದರೆ ಪ್ರೋಗ್ರಾಂ ದಾರಿಯಲ್ಲೇ ಕಳೆದುಹೋದರೂ ಕಳಿಸಿದವರ ಪರದೆಯ ಮೇಲೆ ಕೆಲಸ ಮುಗಿದಂತೆ ಕಾಣುತ್ತದೆ. ಕ್ಯಾಲ್ಕುಲೇಟರಿನ ಚೆಕ್‌ಸಮ್ಮನ್ನು (ದತ್ತಾಂಶ ಕೆಟ್ಟಿದೆಯೇ ಎಂದು ನೋಡಲು ಜೊತೆಗೆ ಕಳಿಸುವ ಸಂಖ್ಯೆಯನ್ನು) ನೆಚ್ಚಿಕೊಳ್ಳಬೇಡಿ. ಅದು ಬೈಟುಗಳನ್ನು ಕೂಡಿದ ಮೊತ್ತವಷ್ಟೇ ಆದ್ದರಿಂದ ಎರಡು ಬೈಟುಗಳು ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಎನ್‌ಆರ್‌ಎಫ್24ಎಲ್01+ ಎಂಬ ರೇಡಿಯೊ ಮಾಡ್ಯೂಲು 2.4 ಗಿಗಾಹರ್ಟ್ಸ್‌ನಲ್ಲಿ ಒಮ್ಮೆಗೆ 32 ಬೈಟ್‌ಗಳವರೆಗೆ ಕಳಿಸುತ್ತದೆ, ಸಿಆರ್‌ಸಿ ಎಂಬ, ಚೆಕ್‌ಸಮ್ಮಿಗಿಂತ ಬಿಗಿಯಾದ ದೋಷಪರೀಕ್ಷೆ ಮಾಡುತ್ತದೆ, ಉತ್ತರ ಬಾರದಿದ್ದರೆ ತಾನೇ ಮತ್ತೆ ಕಳಿಸುತ್ತದೆ. ನಿಮ್ಮ ಕೆಲಸಕ್ಕೆ ಅದು ಸಾಕು. ಅದಕ್ಕೆ 3.6 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಸುಟ್ಟೀತು. ಕ್ಯಾಲ್ಕುಲೇಟರಿನ ತಂತಿಗಳನ್ನೂ ಗ್ರೌಂಡಿಗೆ ಎಳೆಯಬೇಕೇ ಹೊರತು ಅವುಗಳಿಗೆ ಹೊರಗಿನಿಂದ ವೋಲ್ಟೇಜ್ ಕೊಡಬಾರದು.

ಆ ಪ್ಲಗ್ಗಿನಲ್ಲಿ ವಿದ್ಯುತ್ ಪೂರೈಸುವ ತಂತಿಯೇ ಇಲ್ಲದಿರುವುದರಿಂದ ಅಡಾಪ್ಟರಿಗೆ ಬೇರೆ ಸೆಲ್ಲು ಬೇಕು. ಮಾಡ್ಯೂಲು ಕೇಳಿಸಿಕೊಳ್ಳುತ್ತಿರುವಾಗ ಸುಮಾರು 13 ಮಿಲಿಆಂಪಿಯರ್ ಎಳೆಯುತ್ತದೆ. ಸಾವಿರ ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು ಮೂರು ದಿನಕ್ಕೆ ಬರಿದಾಗುತ್ತವೆ. ಒತ್ತಿದರೆ ಎಚ್ಚರಗೊಂಡು ಐದು ನಿಮಿಷದಲ್ಲಿ ತಾನೇ ಮಲಗುವ ಒಂದು ಗುಂಡಿ ಇರಲಿ.

ಜೋಡಿ ಮಾಡುವ ಕ್ರಮಕ್ಕೆ 1990ರ ಎಚ್‌ಪಿ 48ಎಸ್‌ಎಕ್ಸ್ ನನಗೆ ಇಂದಿಗೂ ಮಾದರಿ. ಅದರ ಇನ್‌ಫ್ರಾರೆಡ್ ಕೊಂಡಿಗೆ ಎರಡು ಕ್ಯಾಲ್ಕುಲೇಟರ್‌ಗಳನ್ನು ಎದುರುಬದುರು ಹತ್ತಿರ ಇಡಬೇಕಿತ್ತು. ಯಾರಿಗೆ ಕಳಿಸುತ್ತಿದ್ದೇವೆಂಬ ಬಗ್ಗೆ ಅನುಮಾನಕ್ಕೆ ಎಡೆಯಿರಲಿಲ್ಲ. ನಿಮ್ಮ ಅಡಾಪ್ಟರ್‌ಗಳೂ ಮೊದಲ ಬಾರಿ ಪಕ್ಕಪಕ್ಕದಲ್ಲಿಟ್ಟು ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಿದಾಗ ಮಾತ್ರ ಜೊತೆಯಾಗಲಿ. ಅಡಾಪ್ಟರ್ ಹೊರಗಡೆ ಕಣ್ಣಿಗೆ ಕಾಣುವಂತೆಯೇ ಇರಲಿ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಕಾಣದ ರೇಡಿಯೊವನ್ನು ಕ್ಯಾಲ್ಕುಲೇಟರಿನೊಳಗೆ ಸೇರಿಸುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಸಣ್ಣ ಸೌಲಭ್ಯಕ್ಕೆ ನನ್ನ ಒತ್ತಾಯವಿದೆ. ಹಿಂದೊಮ್ಮೆ ನನ್ನ ಇಬ್ಬರು ವಿದ್ಯಾರ್ಥಿಗಳು ಇಂಥದ್ದೇ ಕೆಲಸದಲ್ಲಿ ಎರಡು ದಿನ ಕೋಡನ್ನು ತಿದ್ದಿ ತಿದ್ದಿ ಸೋತಿದ್ದರು. ನೋಡಿದರೆ ಪ್ಲಗ್ಗು ಕೂದಲೆಳೆಯಷ್ಟು ಹೊರಗಿತ್ತು. ಹೆಬ್ಬೆರಳಿನಿಂದ ಒತ್ತಿ ತುಸು ತಿರುಗಿಸಿದೊಡನೆ ಟಕ್ಕೆಂದು ಕೂತಿತು. ಎರಡೂ ತಂತಿಗಳಲ್ಲಿ ವೋಲ್ಟೇಜ್ ಕಂಡಾಗ ಮಾತ್ರ ಉರಿಯುವ ಒಂದು ಹಸಿರು ಎಲ್‌ಇಡಿಯನ್ನು ಇಡಿ. ರೇಡಿಯೊ ಭಾಗಕ್ಕೆ ಕೈಹಾಕುವ ಮುನ್ನ, ಎರಡು ಅಡಾಪ್ಟರ್‌ಗಳನ್ನು ತಂತಿಯಿಂದಲೇ ಜೋಡಿಸಿ, ಹತ್ತು ಕಿಲೋಬೈಟಿನ ಪ್ರೋಗ್ರಾಂ ಒಂದನ್ನು ನೂರು ಸಲ ಕಳಿಸಿ, ನೂರೂ ಸಲ ಸರಿಯಾಗಿ ಬಂತೇ ಎಂದು ಬರೆದಿಟ್ಟುಕೊಳ್ಳಿ.