ಆಟಿಸಂ ಇರುವ ಮಗುವಿನ ತಂದೆ-ತಾಯಿಗೇ ತರಬೇತಿ ಏಕೆ?

ಮಗುವನ್ನು ವಾರಕ್ಕೆ ಎರಡು ಸಲ ಥೆರಪಿಗೆ ಕರೆದೊಯ್ಯುತ್ತಿರುವಾಗ ನಮಗೂ ಏಕೆ ತರಬೇತಿ ಎಂದು ಕೇಳಿದ್ದೀರಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಮುಟ್ಟುವ ಕೇಂದ್ರದಲ್ಲಿ ಮಗು ಇರುವುದು ಮುಕ್ಕಾಲು ಗಂಟೆ. ಉಳಿದ ಸಮಯವೆಲ್ಲ ಅದು ಕಲಿಯುವುದು ಮನೆಯವರಿಂದಲೇ.

ವರ್ತನಾ ತರಬೇತಿಯು ಮೊದಲು ಕಲಿಸುವುದು ಗಮನಿಸುವುದನ್ನು: ವರ್ತನೆಗೆ ಮುನ್ನ ಏನಾಯಿತು, ಮಗು ಏನು ಮಾಡಿತು, ಅದರಿಂದ ಅದಕ್ಕೆ ಏನು ಸಿಕ್ಕಿತು. ಉದಾಹರಣೆಗೆ, ಇನ್ನೂ ಮಾತು ಬಾರದ ನಾಲ್ಕು ವರ್ಷದ ಮಗು ಬಿಸ್ಕತ್ತಿನ ಡಬ್ಬಿ ಕಂಡೊಡನೆ ಕಿರುಚುತ್ತದೆ, ಅಜ್ಜಿ ತಾಳಲಾರದೆ ಕೊಟ್ಟುಬಿಡುತ್ತಾರೆ. ಕಿರುಚಿದರೆ ಸಿಗುತ್ತದೆ ಎಂಬ ಪಾಠ ಅಲ್ಲಿಗೆ ಗಟ್ಟಿಯಾಗುತ್ತದೆ. ಇದು ಹಟವಲ್ಲ, ಕೇಳುವ ಬೇರೆ ದಾರಿ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕಿರುಚುವ ಮೊದಲೇ ಮಗುವಿನ ಕೈಯನ್ನು ಮೆಲ್ಲಗೆ ಬಿಸ್ಕತ್ತಿನ ಚಿತ್ರಕ್ಕೆ ಮುಟ್ಟಿಸಿ, ಮುಟ್ಟಿದ ಕ್ಷಣವೇ ಒಂದು ಚೂರು ಕೊಟ್ಟು, ದಿನಗಳೆದಂತೆ ಆ ಕೈಯಾಸರೆಯನ್ನು ಕಡಿಮೆ ಮಾಡುತ್ತ ಬರಬೇಕು. ಕಿರುಚಿದರೆ ಸಿಗುವ ಹಳೆಯ ದಾರಿ ಮುಚ್ಚಿದಾಗ ಕಿರುಚಾಟ ಕೆಲವು ದಿನ ಹೆಚ್ಚಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ಪೋಷಕರು ಅಲ್ಲಿಯೇ ಕೈಚೆಲ್ಲುತ್ತಾರೆ. (ಅಜ್ಜಿಯನ್ನೂ ತರಬೇತಿಗೆ ಕೂರಿಸುವುದು ಲೇಸು.)

2015ರಲ್ಲಿ ಪ್ರಕಟವಾದ, 3ರಿಂದ 7 ವರ್ಷದ 180 ಮಕ್ಕಳನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದರಲ್ಲಿ, 24 ವಾರಗಳ ಇಂತಹ ತರಬೇತಿ ಪಡೆದ ಪೋಷಕರ ಮಕ್ಕಳಲ್ಲಿ ಸಿಡಿಮಿಡಿ, ರಂಪಾಟಗಳು, ಕೇವಲ ಮಾಹಿತಿ ಪಡೆದವರ ಮಕ್ಕಳಿಗಿಂತ ಹೆಚ್ಚು ತಗ್ಗಿದವು. ಆದರೆ ಕೈ ಬೀಸುವುದು, ತೂಗಾಡುವುದು ಮುಂತಾದ ನಿರುಪದ್ರವಿ ಚಲನೆಗಳನ್ನೇ ಅಳಿಸಲು ಹೊರಡುವ ತರಬೇತಿಗೆ ನನ್ನ ಒಪ್ಪಿಗೆಯಿಲ್ಲ.

ಇನ್ನೂ ತಪಾಸಣೆ ಆಗಿರದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿರುವುದರಿಂದ ಅಂಗವೈಕಲ್ಯ ಪ್ರಮಾಣಪತ್ರದ ಬಗೆಗೂ ಅಲ್ಲಿಯೇ ಕೇಳಬಹುದು.